ಹೊಂಡದ ಅರ್ಜಿಗಳಿಗೆ ನಾನು ಬರೆದ ಹಿಂಬರಹ

ಕಳೆದ ಚಳಿಗಾಲದಲ್ಲಿ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆ ಹುಡುಕಿಕೊಂಡು ಬಂದಿದ್ದರು. ರಸ್ತೆಯ ಹೊಂಡಕ್ಕೆ ಬಿದ್ದು ಕಾರು ಹಾಳಾಯಿತು, ಪರಿಹಾರ ಕೊಡಿ ಎಂದು ಬರುವ ಅರ್ಜಿಗಳ ಟೇಬಲ್ಲು ಅವರಲ್ಲಿ ಒಬ್ಬಳಿಗೆ ಸಿಕ್ಕಿದೆಯಂತೆ. ನಾನು ಬರೆದ ಹಿಂಬರಹಗಳನ್ನು ಮಾದರಿ ಎಂದು ಒಂದು ಫೈಲಿನಲ್ಲಿ ಸೇರಿಸಿಟ್ಟಿದ್ದಾರೆ, ಅದನ್ನು ನೋಡಿಕೊಂಡು ಬರಿ ಎನ್ನುತ್ತಾರೆ ಎಂದು ಅವಳು ಹೇಳಿದಳು. ಪಾಪ, ಹೊಗಳಲಿಕ್ಕೆಂದೇ ಹೇಳಿದ್ದು. ನಾನು ಕಾಫಿ ಕೊಟ್ಟು, ಅದೂ ಇದೂ ಮಾತಾಡಿ ಕಳಿಸಿದೆ. ಹೇಳಬೇಕಾದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹಿಂಬರಹ ಎಂದರೆ ಅರ್ಜಿ ಕೊಟ್ಟವರಿಗೆ ಸರ್ಕಾರಿ ಕಚೇರಿ ಕೊಡುವ ಲಿಖಿತ ಉತ್ತರ. ಸಹಿ ಸಾಹೇಬರದ್ದು, ಮೊಹರು ಕಚೇರಿಯದ್ದು, ಒಳಗಿನ ಬರವಣಿಗೆ ನನ್ನಂಥ ಗುಮಾಸ್ತೆಯದ್ದು. ಕಾಫಿ ಸೀಮೆಯ ರಸ್ತೆಗಳನ್ನು ನೋಡಿಕೊಳ್ಳುವ ಕಚೇರಿಗಳು ಒಂದೆರಡಲ್ಲ. ನಾನಿದ್ದದ್ದು ಯಾವುದು ಎಂದು ಬರೆಯುವುದಿಲ್ಲ. ಬರೆದರೆ ಈಗ ಅಲ್ಲಿರುವವರಿಗೆ ತೊಂದರೆ, ಬರೆಯದಿದ್ದರೆ ಓದುವವರಿಗೇನೂ ನಷ್ಟವಿಲ್ಲ. ನನ್ನ ಹೆಸರು ಜಲಜಾಕ್ಷಿ. ಜಲಜಮ್ಮ ಎಂದರೆ ಕಚೇರಿಯ ಗೇಟಿನವನಿಗೂ ಗೊತ್ತಾಗುತ್ತಿತ್ತು. ಬಡ್ತಿ ಎರಡು ಸಲ ಬಂತು. ಎರಡು ಸಲವೂ ಕುರ್ಚಿ ಬದಲಾಯಿತು, ಕೆಲಸ ಬದಲಾಗಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ನಾನು ಸೇರಿದ ಕಾಲಕ್ಕೆ ಈ ಕಡೆ ಕಾರುಗಳೇ ಕಡಿಮೆ. ಜೀಪುಗಳಿದ್ದವು. ಜೀಪಿನವರು ಹೊಂಡವನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಆಲ್ದೂರಿನ ಕಡೆಯ ಒಬ್ಬರು ದೊಡ್ಡ ತೋಟದವರಿಗೆ ಒಮ್ಮೆ ಸಿಟ್ಟು ಬಂದು, ಜೀಪಿನ ಸ್ಪ್ರಿಂಗಿನ ಮುರಿದ ಪ್ಲೇಟನ್ನೇ ಗೋಣಿಚೀಲದಲ್ಲಿ ಸುತ್ತಿ, ತಮ್ಮ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಕೈಯಲ್ಲಿ ಕಳಿಸಿದ್ದರು. ಆತ ಅದನ್ನು ನನ್ನ ಟೇಬಲ್ಲಿನ ಮೇಲೆ ದಡ್ ಎಂದು ಇಟ್ಟು, ಸಾವ್ಕಾರ್ರು ಇದನ್ನು ಫೈಲಿಗೆ ಸೇರಿಸಬೇಕೆಂದು ಹೇಳಿದ್ದಾರೆ ಎಂದ. ಫೈಲಿಗೆ ಕಬ್ಬಿಣ ಸೇರಿಸುವ ನಿಯಮ ಎಲ್ಲಿದೆ? ‘ಅಡಕ: ಮುರಿದ ಕಬ್ಬಿಣದ ಪಟ್ಟಿ ಒಂದು’ ಎಂದು ನಮೂದಿಸಿ ಬೀರುವಿನ ಹಿಂದೆ ಇಟ್ಟೆ. ಗಾಳಿ ಬಂದಾಗ ಬಾಗಿಲಿಗೆ ಅಡ್ಡ ಇಡಲು ಅದು ಬಹಳ ವರ್ಷ ಉಪಯೋಗಕ್ಕೆ ಬಂತು. ಅರ್ಜಿ ಮಾತ್ರ, ಈ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಷರಾದೊಂದಿಗೆ ನಮ್ಮಿಂದ ಇನ್ನೊಂದು ಕಚೇರಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಮಾರನೇ ವರ್ಷದ ಮಳೆಗಾಲಕ್ಕೆ ಸರಿಯಾಗಿ ನನ್ನ ಟೇಬಲ್ಲಿಗೇ ವಾಪಸ್ಸು ಬಂತು. ಮೇಲಿದ್ದ ಕಾಗದ ನನ್ನದೇ ಅಕ್ಷರದ್ದು. ಆಗ ನಕ್ಕಿದ್ದೆ. ಹೊಸಬರಿಗೆ ಈ ಕಥೆ ಹೇಳಿ ನಗಿಸಿಯೂ ಇದ್ದೇನೆ.

ಮೊದಲ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಕಚೇರಿಯ ಕಣ್ಣಿಗೆ ಅದು ತಪ್ಪು, ಅಷ್ಟೆ. ಕಳಸದ ಕಡೆಯ ಒಬ್ಬರು ಅಡಿಕೆ ವ್ಯಾಪಾರಿ ತಮ್ಮ ಕಾರಿನ ಚಕ್ರ ಹೊಂಡದಲ್ಲಿ ಮುರಿದ ಬಗ್ಗೆ ಅರ್ಜಿ ಕೊಟ್ಟಿದ್ದರು. ನಾನು ನಮ್ಮ ಗ್ಯಾಂಗ್ ಮೇಸ್ತ್ರಿಯನ್ನು ಕೇಳಿದೆ. ಗ್ಯಾಂಗ್ ಎಂದರೆ ರಸ್ತೆ ರಿಪೇರಿಯ ಕೂಲಿಗಳ ತಂಡ. ಅವನು ಹೌದು, ಅಲ್ಲಿ ಹೊಂಡ ಇದೆ, ಟಾರು ಬಂದಿಲ್ಲ ಎಂದ. ನಾನು ಹಾಗೇ ಬರೆದೆ: ‘ಗುಂಡಿ ಇರುವುದು ನಿಜವಾಗಿದ್ದು, ಸಾಮಗ್ರಿ ಬಾರದ ಕಾರಣ ಮುಚ್ಚಿರುವುದಿಲ್ಲ.’ ಸಾಹೇಬರು ಟಪಾಲಿನ ರಾಶಿಯಲ್ಲಿ ಓದದೇ ಸಹಿ ಹಾಕಿದರು. ವ್ಯಾಪಾರಿ ಅದನ್ನು ವಕೀಲರ ಕೈಗೆ ಕೊಟ್ಟರು. ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಕೀಲರಿಗೆ ಸಿಗುತ್ತದೆ? ಪರಿಹಾರ ಕೊಡಬೇಕಾಯಿತು, ಸಾಹೇಬರಿಗೆ ಮೇಲಿನಿಂದ ನೋಟಿಸು ಬಂತು.

ಅವರು ಕೂಗಾಡುವವರಲ್ಲ. ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿಸಿ, ಕೂರಿಸಿ ಹೇಳಿದರು: ‘ಜಲಜಮ್ಮ, ಸುಳ್ಳು ಬರಿ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಎಲ್ಲಾ ನಿಜಾನೂ ಬರೀಬೇಕು ಅಂತ ಎಲ್ಲೂ ಇಲ್ಲ.’ ನನಗೆ ಆಗ ಇಪ್ಪತ್ತನಾಲ್ಕು. ಬೈಯದೇ ಬಿಟ್ಟರಲ್ಲ ಎಂದು ಕಣ್ಣು ತುಂಬಿ ಬಂತು. ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದೆ. ನಿವೃತ್ತಿಯವರೆಗೂ ನಾನು ಒಂದೇ ಒಂದು ಸುಳ್ಳು ಬರೆದಿಲ್ಲ.

ಕೆಲಸ ಕಲಿಯುವುದು ಕಷ್ಟವಿರಲಿಲ್ಲ. ಅರ್ಜಿದಾರ ಬಿಲ್ಲು ಕೊಟ್ಟರೆ ಫೋಟೋ ಇಲ್ಲ ಎನ್ನುವುದು. ಫೋಟೋ ಕೊಟ್ಟರೆ ಸ್ಥಳ ಯಾವುದೆಂದು ಗೊತ್ತಾಗುವುದಿಲ್ಲ ಎನ್ನುವುದು. ಎರಡೂ ಇದ್ದರೆ ಪೊಲೀಸ್ ದೂರಿನ ಪ್ರತಿ ಕೇಳುವುದು. ಕಾರಿನ ಅಚ್ಚು ಮುರಿದವನು ಮಳೆಯಲ್ಲಿ ನಿಂತು ಗಾಡಿ ಎಳೆಸುವ ದಾರಿ ನೋಡುತ್ತಾನೆಯೇ ಹೊರತು ಠಾಣೆಗೆ ಹೋಗಿ ಹೊಂಡದ ಮೇಲೆ ದೂರು ಕೊಡುವುದಿಲ್ಲ. ಅದು ನಮಗೆ ಗೊತ್ತಿತ್ತು, ಅದಕ್ಕೇ ಕೇಳುತ್ತಿದ್ದೆವು. ಜನ ಒಂದು ಸಲ ಬರುತ್ತಾರೆ, ಎರಡನೇ ಸಲ ಬರುತ್ತಾರೆ, ಮೂರನೇ ಸಲಕ್ಕೆ ಬಸ್ಸಿನ ಖರ್ಚು, ಕೆಲಸದ ಹಾಳು ನೆನೆದು ಸುಮ್ಮನಾಗುತ್ತಾರೆ. ಫೈಲಿನ ಮೇಲೆ ‘ಅರ್ಜಿದಾರರು ದಾಖಲೆ ಒದಗಿಸದ ಕಾರಣ ಮುಕ್ತಾಯ’ ಎಂದು ಬರೆದು ದಾರ ಕಟ್ಟುತ್ತಿದ್ದೆ. ತಿಂಗಳ ಕೊನೆಗೆ ವಿಲೇವಾರಿ ಚೆನ್ನಾಗಿದೆ ಎಂದು ಸಾಹೇಬರು ತಲೆದೂಗುತ್ತಿದ್ದರು.

ನಮಗೆ ಚಳ್ಳೆಹಣ್ಣು ತಿನ್ನಿಸಿದವರು ಒಬ್ಬರೇ, ವಸ್ತಾರೆಯ ಕಡೆಯ ನಿವೃತ್ತ ಮೇಷ್ಟ್ರು. ಸರ್ಕಾರದ ಮೇಲೆ ದಾವೆ ಹೂಡುವವರು ಎರಡು ತಿಂಗಳು ಮೊದಲು ನೋಟಿಸು ಕೊಡಬೇಕು. ಆ ಎರಡು ತಿಂಗಳಲ್ಲಿ ನಾವು ಮಾಡುತ್ತಿದ್ದ ಮೊದಲ ಕೆಲಸ ಹೊಂಡ ಮುಚ್ಚುವುದು, ಆಮೇಲೆ ‘ಪರಿಶೀಲಿಸಲಾಗಿ ಸದರಿ ಸ್ಥಳದಲ್ಲಿ ಯಾವುದೇ ಗುಂಡಿ ಕಂಡುಬರುವುದಿಲ್ಲ’ ಎಂದು ಬರೆಯುವುದು. ಮೇಷ್ಟ್ರು ಇದನ್ನು ಕಂಡುಕೊಂಡರು. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ತಮ್ಮ ಊರಿನ ರಸ್ತೆಯ ಒಂದೊಂದು ಹೊಂಡಕ್ಕೂ ಒಂದೊಂದು ನೋಟಿಸು ಕಳಿಸುತ್ತಿದ್ದರು, ಕಾರಿಗೆ ಹಾನಿಯಾಗಿದೆ ಎಂದು. ನಾವು ಓಡಿಹೋಗಿ ಮುಚ್ಚುತ್ತಿದ್ದೆವು. ನಾಲ್ಕನೇ ವರ್ಷ ನನಗೆ ಅನುಮಾನ ಬಂದು ಆರ್.ಸಿ. ಪ್ರತಿ ಕೇಳಿದೆ. ‘ನನ್ನ ಬಳಿ ಕಾರು ಇರುವುದಿಲ್ಲ. ಇದ್ದಿದ್ದರೆ ಹಾನಿಯಾಗುತ್ತಿತ್ತು’ ಎಂದು ಉತ್ತರ ಬರೆದಿದ್ದರು. ಅವರು ತೀರಿಕೊಂಡ ಮೇಲೆ ಆ ರಸ್ತೆಯನ್ನು ಕೇಳುವವರಿಲ್ಲ.

ಆಮೇಲೆ ಮೊಬೈಲು ಬಂತು. ಅರ್ಜಿಗಳ ಸ್ವರೂಪವೇ ಬದಲಾಯಿತು. ಹೊಂಡದಲ್ಲಿ ಹವಾಯಿ ಚಪ್ಪಲಿ ಇಟ್ಟು, ನೀರಿನ ಬಾಟಲಿ ನಿಲ್ಲಿಸಿ, ಎಷ್ಟು ಆಳವಿದೆ ನೋಡಿ ಎಂದು ಫೋಟೋ ಕಳಿಸತೊಡಗಿದರು. ಸ್ಥಳದ ಗುರುತು, ಗಂಟೆ, ನಿಮಿಷ ಎಲ್ಲ ಫೋಟೋದಲ್ಲೇ ಬರುತ್ತಿತ್ತು. ನಾವೂ ಕಲಿತೆವು. ಎರಡು ಬುಟ್ಟಿ ಮಣ್ಣು ಸುರಿದು, ಅದು ಮಳೆಗೆ ಕೊಚ್ಚಿಹೋಗುವ ಮೊದಲು ಫೋಟೋ ತೆಗೆದು ಫೈಲಿಗೆ ಸೇರಿಸುತ್ತಿದ್ದೆವು. ಆ ಫೋಟೋಗಳಲ್ಲಿಯೂ ಸ್ಥಳ, ಗಂಟೆ, ನಿಮಿಷ ಎಲ್ಲ ನಿಜವೇ.

ಇಷ್ಟು ಬರೆದದ್ದು ಹಸನಬ್ಬನ ಕಥೆಗೆ ಬರಲಿಕ್ಕೆ. ನನ್ನ ಸರ್ವೀಸಿನ ಕೊನೆಯ ವರ್ಷಗಳ ಮಾತು ಇದು.

ಬಣಕಲ್ಲಿನಿಂದ ಒಳಕ್ಕೆ ತೋಟಗಳ ಕಡೆ ಇಳಿಯುವ ಒಂದು ರಸ್ತೆಯಿದೆ. ಅದರ ಎರಡನೇ ತಿರುವಿನಲ್ಲಿ ಹಸನಬ್ಬನ ಗ್ಯಾರೇಜು. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೊಂದು ತಗಡು. ಮೂವತ್ತು ವರ್ಷ ಜೀಪುಗಳ ಅಡಿಯಲ್ಲಿ ಮಲಗಿ ಮಲಗಿ ಸೊಂಟ ಹಿಡಿದು, ಇನ್ನು ಕೆಳಗೆ ಮಲಗಬೇಡ ಎಂದು ಡಾಕ್ಟರು ಹೇಳಿದ ಮೇಲೆ ಅವನು ಒಂದು ಹಳೆಯ ಕಾರು ಕೊಂಡು, ಹಳದಿ ಬೋರ್ಡು ಹಾಕಿಸಿ ಬಾಡಿಗೆಗೆ ಓಡಿಸುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅದೊಂದರಿಂದ. ವಿಮೆ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ತನ್ನ ಕಾರಿಗೆ ಏನಾದರೂ ಆದರೆ ಚಿಕ್ಕಾಸೂ ಬರುವಂತಿರಲಿಲ್ಲ.

ಅವನು ಮೊದಲ ದಿನ ಕಚೇರಿಗೆ ಬಂದಾಗ ಊಟದ ಹೊತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಸರ್ಕಾರಿ ಕಚೇರಿಗೆ ಚಪ್ಪಲಿ ಬಿಟ್ಟು ಬರುವವರನ್ನು ನಾನು ಕಂಡದ್ದು ಕಡಿಮೆ. ಕೂರಿ ಎಂದೆ, ಡಬ್ಬಿಯಲ್ಲಿದ್ದ ಚಿತ್ರಾನ್ನದಲ್ಲಿ ಅರ್ಧ ಮುಚ್ಚಳಕ್ಕೆ ಹಾಕಿ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ತಿಂದ. ತಿನ್ನುತ್ತಾ ಎಲ್ಲ ಹೇಳಿದ.

ಗ್ಯಾರೇಜಿನ ಮುಂದೆಯೇ ರಸ್ತೆಯಲ್ಲಿ ದೊಡ್ಡ ಹೊಂಡ ಬಿದ್ದಿತ್ತು. ನೀರು ನಿಂತರೆ ಹೊಂಡವೋ ರಸ್ತೆಯೋ ತಿಳಿಯುತ್ತಿರಲಿಲ್ಲ. ಕಚೇರಿಗೆ ಎರಡು ಸಲ ಹೇಳಿ ನೋಡಿದ್ದ. ಆಮೇಲೆ ತಾನೇ ಸಿಲ್ವರ್ ಓಕಿನ ಕೊಂಬೆ ಕಡಿದು ತಂದು ಹೊಂಡದ ನಡುವೆ ನೆಡುತ್ತಿದ್ದ. ಆ ಎಲೆಯ ಅಡಿಭಾಗ ಬೆಳ್ಳಗಿರುತ್ತದೆ, ದೂರದಿಂದಲೇ ಕಾಣುತ್ತದೆ. ಒಣಗಿದರೆ ಹೊಸದು. ನಮ್ಮ ಕಡೆ ಹೊಂಡ ಕಂಡವರು ಕೊಂಬೆ ನೆಡುತ್ತಾರೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಇವನು ಒಂದು ಮಳೆಗಾಲ ಪೂರ್ತಿ ನೆಟ್ಟಿದ್ದ.

ಕಾರು ಕೆಟ್ಟ ದಿನ ಇವನು ಬೆಳಿಗ್ಗೆಯೇ ಬಾಡಿಗೆಗೆ ಹೋಗಿ ಒಳಗಿನ ತೋಟದಲ್ಲಿದ್ದ. ಅಲ್ಲಿ ಕಳೆ ಕೀಳುತ್ತಿದ್ದ ದೇವಕಿ ಎನ್ನುವ ಕೂಲಿ ಹೆಂಗಸಿಗೆ ಹಾವು ಕಚ್ಚಿತು. ತೋಟದ ಮೇಸ್ತ್ರಿ ಕೂಗಿದ, ಇವನು ಅವಳನ್ನೂ ಅವಳ ಗಂಡನನ್ನೂ ಹತ್ತಿಸಿಕೊಂಡು ಹೊರಟ. ಮಳೆ ಹೊಯ್ಯುತ್ತಿತ್ತು. ತನ್ನ ಗ್ಯಾರೇಜಿನ ತಿರುವಿಗೆ ಬಂದಾಗ ಹೊಂಡದಲ್ಲಿ ಕೊಂಬೆ ಇರಲಿಲ್ಲ. ಬೆಳಿಗ್ಗೆ ನೋಡಿದಾಗ ಇತ್ತು. ಕೊಂಬೆ ಇಲ್ಲ ಎಂದರೆ ಮುಚ್ಚಿದ್ದಾರೆ ಎಂದುಕೊಂಡ. ಮಟ್ಟವಾಗಿ ನೀರು ನಿಂತಿತ್ತು. ವೇಗ ಇಳಿಸದೇ ಹೋದ. ಅಡಿಗೆ ಕಲ್ಲು ಬಡಿದು ಆಯಿಲ್ ಚೇಂಬರು ಒಡೆಯಿತು.

‘ಸ್ವಲ್ಪ ಮುಂದೆ ಬಂದಾಗ ಮೀಟರಲ್ಲಿ ಕೆಂಪು ಲೈಟ್ ಬಂತು ಮೇಡಂ. ಆಯಿಲ್ ಹೋಗ್ತಾ ಉಂಟು, ಎಂಜಿನ್ ಹಿಡೀತದೆ ಅಂತ ನಂಗೆ ಗೊತ್ತು. ಮೂವತ್ತು ವರ್ಷ ಅದೇ ಕೆಲ್ಸ ಅಲ್ವಾ ನಂದು,’ ಎಂದ. ‘ಹಿಂದೆ ನೋಡ್ತೇನೆ, ಆ ಹೆಂಗ್ಸಿನ ಬಾಯಲ್ಲಿ ನೊರೆ. ನಿಲ್ಲಿಸೋದು ಹೇಗೆ ಮಾರಾಯ್ರೆ? ಹೋದ್ರೆ ಹೋಗ್ಲಿ ಅಂತ ಒತ್ತಿದೆ.’

ಮೂಡಿಗೆರೆಯ ಆಸ್ಪತ್ರೆಯ ಏರಿನಲ್ಲಿ ಎಂಜಿನ್ ಕಟ್ಟಿ ನಿಂತಿತು. ಅಲ್ಲಿಂದ ಎತ್ತಿಕೊಂಡು ಓಡಿದರು. ದೇವಕಿ ಬದುಕಿದಳು. ಎಂಜಿನ್ ಹೋಯಿತು. ಅದನ್ನು ಸರಿ ಮಾಡಿಸುವ ಖರ್ಚಿಗೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು. ಕಚೇರಿಯವರು ಅಷ್ಟಾದರೂ ಕೊಟ್ಟರೆ ಮತ್ತೆ ಬಾಡಿಗೆಗೆ ಓಡಿಸುತ್ತೇನೆ, ಇಲ್ಲದಿದ್ದರೆ ನನಗೆ ಬೇರೆ ಕೆಲಸ ಮಾಡಲು ಮೈ ಇಲ್ಲ ಎಂದ. ನಾನು ಅರ್ಜಿಯನ್ನು ತೆಗೆದುಕೊಂಡು, ನೋಡೋಣ ಹಸನಬ್ಬನವ್ರೆ, ಎಂದೆ.

ಅರ್ಜಿಯಲ್ಲಿ ಅವನು ಬರೆದಿದ್ದದ್ದು ನಾಲ್ಕೇ ಸಾಲು: ಹೊಂಡಕ್ಕೆ ಬಿದ್ದು ಕಾರು ಕೆಟ್ಟಿದೆ, ರಿಪೇರಿಯ ಅಂದಾಜು ಬಿಲ್ಲು ಲಗತ್ತಿಸಿದೆ. ಕೊಂಬೆಯ ಮಾತಾಗಲೀ ಕೆಂಪು ಲೈಟಿನ ಮಾತಾಗಲೀ ಅದರಲ್ಲಿ ಇರಲಿಲ್ಲ. ಅದನ್ನು ಹೇಳಿದ್ದು ನನಗೆ, ನನ್ನ ಡಬ್ಬಿಯ ಅನ್ನ ತಿನ್ನುತ್ತಾ.

ಕೊಂಬೆ ಏನಾಯಿತು ಎಂಬುದು ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಆ ವಾರ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. ರಸ್ತೆ ತುಂಬ ಕೊಂಬೆ ನಿಂತಿದ್ದರೆ ಹೊಂಡಗಳನ್ನು ಎಣಿಸಿ ತೋರಿಸಿದ ಹಾಗಾಗುತ್ತದೆಂದು, ಎಲ್ಲ ಕಿತ್ತು ಮಣ್ಣು ತುಂಬಿ ಎಂದು ಬಾಯಿಮಾತಿನ ಅಪ್ಪಣೆಯಾಗಿತ್ತು. ಗ್ಯಾಂಗ್ ಮೇಸ್ತ್ರಿ ರುದ್ರ ಅಂದು ಬೆಳಿಗ್ಗೆ ಕೊಂಬೆ ಕಿತ್ತಿದ್ದ. ಮಣ್ಣಿನ ಟ್ರಾಕ್ಟರ್ ಬಂದಿರಲಿಲ್ಲ. ಅವನೇ ನನ್ನ ಟೇಬಲ್ಲಿನ ಬಳಿ ಬಂದು, ಆ ಸಾಬರ ಗಾಡಿ ಬಿದ್ದದ್ದು ನಮ್ಮಿಂದಲೇ ಮೇಡಂ ಎಂದು ಮೆಲ್ಲಗೆ ಹೇಳಿ ಹೋದ. ಅವನ ಡೈರಿಯಲ್ಲಿ ಆ ದಿನ ‘ರಸ್ತೆ ಬದಿ ಸ್ವಚ್ಛತೆ’ ಎಂದಷ್ಟೇ ಇತ್ತು.

ನಾನು ಫೈಲು ಹಿಡಿದು ಸಾಹೇಬರ ಬಳಿ ಹೋದೆ. ಇವರು ಬೇರೆ ಸಾಹೇಬರು. ಕೆಟ್ಟವರಲ್ಲ. ಉಬ್ಬಸವಿತ್ತು, ನಿವೃತ್ತಿಗೆ ಒಂದು ವರ್ಷವಿತ್ತು, ಪಿಂಚಣಿಗೆ ಕುತ್ತು ಬರಬಾರದೆಂಬ ಒಂದೇ ಚಿಂತೆ. ಈ ಒಂದಕ್ಕೆ ಏನಾದರೂ ಮಾಡಬಹುದೇ ಎಂದು ಕೇಳಿದೆ. ಒಬ್ಬನಿಗೆ ಕೊಟ್ಟರೆ ನಾಳೆ ಬೆಳಿಗ್ಗೆ ಬಣಕಲ್ಲಿನವರೆಗೆ ಸಾಲು ನಿಲ್ಲುತ್ತದೆ ಎಂದರು. ಅದೂ ಸುಳ್ಳಲ್ಲ. ಆಮೇಲೆ, ಗಟ್ಟಿಯಾಗಿ ಬರೆಯಿರಿ, ಕೋರ್ಟಿಗೆ ಹೋದರೂ ನಿಲ್ಲುವಂತಿರಲಿ ಎಂದರು.

ನಾನು ರುದ್ರ ಹೇಳಿದ್ದನ್ನು ಅವರಿಗೆ ಹೇಳಬಹುದಿತ್ತು. ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆದಿದ್ದರೆ ರುದ್ರನ ದಿನಗೂಲಿ ಹೋಗುತ್ತಿತ್ತು, ನನ್ನ ಮೇಲೆ ಕಣ್ಣು ಬೀಳುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದಷ್ಟೇ ಅಲ್ಲ. ಗಟ್ಟಿಯಾಗಿ ಬರೆಯುವುದರಲ್ಲಿ ನನಗೊಂದು ಹೆಮ್ಮೆ ಇತ್ತು. ಇಡೀ ಜಿಲ್ಲೆಯಲ್ಲಿ ಜಲಜಮ್ಮನ ಹಿಂಬರಹ ಮುರಿಯುವ ವಕೀಲರಿಲ್ಲ ಎನ್ನುತ್ತಿದ್ದರು. ಕುಳಿತೆ, ಬರೆದೆ. ಆ ಸಾಲುಗಳು ಈಗಲೂ ಬಾಯಿಗೆ ಬರುತ್ತವೆ:

‘ಸದರಿ ಸ್ಥಳದಲ್ಲಿ ಅರ್ಜಿದಾರರೇ ಸ್ವತಃ ಗಿಡದ ಕೊಂಬೆಗಳನ್ನು ನೆಡುತ್ತಿದ್ದುದಾಗಿ ತಿಳಿಸಿರುವುದರಿಂದ, ಗುಂಡಿಯ ಬಗ್ಗೆ ಅವರಿಗೆ ಪೂರ್ವದಲ್ಲಿಯೇ ಅರಿವಿತ್ತೆಂಬುದು ಸ್ಪಷ್ಟವಾಗಿರುತ್ತದೆ. ಅಲ್ಲದೆ, ವೃತ್ತಿಯಿಂದ ಮೆಕ್ಯಾನಿಕ್ ಆಗಿರುವ ಅರ್ಜಿದಾರರು ಆಯಿಲ್ ಸೋರಿಕೆಯನ್ನು ಗಮನಿಸಿದ ಕೂಡಲೇ ವಾಹನವನ್ನು ನಿಲ್ಲಿಸಬೇಕಾಗಿದ್ದು, ನಿಲ್ಲಿಸದೇ ಚಲಾಯಿಸಿರುವುದರಿಂದ ಎಂಜಿನ್ನಿಗೆ ಉಂಟಾದ ಹಾನಿಗೆ ಅವರೇ ಹೊಣೆಗಾರರಾಗಿರುತ್ತಾರೆ. ಆದ್ದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’

ಹಾವು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಈ ಸಾಹೇಬರು ಓದಿಯೇ ಸಹಿ ಹಾಕಿದರು. ‘ಭೇಷ್’ ಎಂದರು.

ಹಿಂಬರಹ ಕೈಸೇರಿದ ಮೇಲೆ ಹಸನಬ್ಬ ಒಂದು ಸಲ ಬಂದ. ಜೊತೆಯಲ್ಲಿ ದೇವಕಿಯೂ ಅವಳ ಗಂಡನೂ ಇದ್ದರು, ನಡೆದದ್ದನ್ನು ಬೇಕಾದರೆ ನಾವು ಹೇಳುತ್ತೇವೆ ಎಂದು. ಅವಳ ಕಾಲಿನ ಬಾವು ಇನ್ನೂ ಇಳಿದಿರಲಿಲ್ಲ. ಕಡತ ಮುಕ್ತಾಯವಾಗಿದೆ, ಈಗ ಹೇಳಿಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದು ನಾನು ಅವರ ಮುಖ ನೋಡದೇ ಹೇಳಿದೆ. ಹಸನಬ್ಬ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನು ಬೈದಿದ್ದರೆ ಚೆನ್ನಾಗಿತ್ತು. ‘ನಾನು ಹೇಳಿದ್ದನ್ನೇ ಬರ್ದಿದ್ದೀರಿ ಮೇಡಂ, ಸುಳ್ಳು ಏನೂ ಇಲ್ಲ,’ ಎಂದಷ್ಟೇ ಹೇಳಿ, ಬಾಗಿಲಲ್ಲಿ ಬಗ್ಗಲಾಗದೇ ಬಗ್ಗಿ ಚಪ್ಪಲಿ ಹಾಕಿಕೊಂಡು ಹೋದ.

ಅವನು ವಕೀಲರ ಬಳಿಯೂ ಹೋಗಿದ್ದನಂತೆ. ಹಿಂಬರಹ ಓದಿದ ವಕೀಲರು, ಇದರ ಮೇಲೆ ಕೇಸು ನಿಲ್ಲುವುದಿಲ್ಲ, ಸುಮ್ಮನೆ ಖರ್ಚು ಎಂದು ವಾಪಸ್ಸು ಕಳಿಸಿದರು. ಕಾರು ಗುಜರಿಗೆ ಹೋಯಿತು. ನಾನು ಅದಾದ ಸ್ವಲ್ಪ ಕಾಲಕ್ಕೆ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಶಾಲು ಹೊದೆಸಿ, ಕಚೇರಿಯ ಮಾನ ಕಾಪಾಡಿದವರು ಎಂದು ಭಾಷಣ ಮಾಡಿದರು. ನನಗೆ ಆ ಶಾಲು ಮೈಮೇಲಿಂದ ಯಾವಾಗ ತೆಗೆಯುತ್ತೇನೋ ಎನ್ನಿಸಿತ್ತು.

ಮನೆಯಲ್ಲಿ ಕುಳಿತ ಮೇಲೆ ಬೇರೆಲ್ಲ ಅರ್ಜಿಗಳು ಮರೆತುಹೋದವು. ಅವನದೊಂದು ಮರೆಯಲಿಲ್ಲ. ಬಗ್ಗಲಾಗದೇ ಬಗ್ಗಿದ ಆ ಬೆನ್ನು ಕಣ್ಣಿಗೆ ಕಟ್ಟಿತ್ತು. ಎರಡು ವರ್ಷ ತಡೆದು, ಈಚೆಗೆ ಮಳೆ ನಿಂತ ಮೇಲೆ ಒಂದು ದಿನ ಬೆಳಿಗ್ಗೆ ಬಸ್ಸು ಹತ್ತಿ ಬಣಕಲ್ಲಿಗೆ ಹೋದೆ. ಕೊಂಬೆ ಕಿತ್ತದ್ದು ಕಚೇರಿಯವರೇ ಎಂದು ನಾನು ಬರೆದು ಸಹಿ ಹಾಕಿ ಕೊಡುತ್ತೇನೆ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಮತ್ತೆ ಅರ್ಜಿ ಹಾಕಿ ಎಂದು ಹೇಳುವುದು ನನ್ನ ಉದ್ದೇಶವಾಗಿತ್ತು.

ಗ್ಯಾರೇಜಿನ ತಗಡಿನ ಅಡಿಯಲ್ಲಿ ಹಸನಬ್ಬ ಸ್ಟೂಲಿನ ಮೇಲೆ ಕುಳಿತು ಸೈಕಲ್ ಟ್ಯೂಬಿಗೆ ಪಂಚರ್ ಹಾಕುತ್ತಿದ್ದ. ಬಗ್ಗದೇ ಮಾಡಬಹುದಾದ ಕೆಲಸ ಅದೊಂದೇ ಎಂದ. ನನ್ನನ್ನು ಕಂಡು ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವೂ ಆದ ಹಾಗೆ ಕಾಣಲಿಲ್ಲ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂರಿಸಿದ. ನಾನು ಹೇಳಬೇಕೆಂದು ಬಂದದ್ದನ್ನೆಲ್ಲ ಹೇಳಿದೆ. ರುದ್ರನ ಹೆಸರು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾ ಎಲ್ಲ ಕೇಳಿಸಿಕೊಂಡ.

‘ಕಾರು ಈಗ ಯಾರದೋ ಗೇಟೋ ಕಿಟಕಿಯೋ ಆಗಿರ್ತದೆ ಮೇಡಂ. ಆ ಕಾಗದ ನಂಗೆ ಬೇಡ,’ ಎಂದ. ಟ್ಯೂಬನ್ನು ಬಟ್ಟೆಯಿಂದ ಒರೆಸುತ್ತಾ, ‘ಬಂದಿದ್ದೀರಿ, ಒಂದು ಉಪಕಾರ ಮಾಡಿ. ಸತೀಶನ ಹತ್ರ ಮಾತಾಡಿ,’ ಎಂದ.

ಸತೀಶ ಎಂದರೆ ಅದೇ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವನು, ನಲವತ್ತು ದಾಟಿದವನು. ನನಗೆ ಅವನ ಪರಿಚಯವಿರಲಿಲ್ಲ. ಅವನಿಗೇನಾಗಿದೆ ಎಂದು ಹಸನಬ್ಬನೇ ಹೇಳಿದ. ನಾನು ಬರೆದ ಹಿಂಬರಹವನ್ನು ಹಸನಬ್ಬ ಆಗ ಬಣಕಲ್ಲಿನ ಟ್ಯಾಕ್ಸಿಯವರಿಗೆಲ್ಲ ತೋರಿಸಿದ್ದನಂತೆ, ಯಾರಾದರೂ ಓದಿ ದಾರಿ ಹೇಳಲಿ ಎಂದು. ಅವರು ಓದಿದ್ದರು. ಓದಿ ಬುದ್ಧಿ ಕಲಿತಿದ್ದರು. ಕೆಂಪು ಲೈಟು ಬಂದರೆ ಒಳಗೆ ಯಾರೇ ಇರಲಿ, ಅಲ್ಲೇ ನಿಲ್ಲಿಸಬೇಕು. ಮುಂದೆ ಓಡಿಸಿದರೆ ಹಾನಿ ನಮ್ಮ ತಲೆಗೇ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರು.

ಹೋದ ಮಳೆಗಾಲದಲ್ಲಿ ಒಬ್ಬ ಎಸ್ಟೇಟ್ ರೈಟರಿಗೆ ಮಧ್ಯಾಹ್ನ ಎದೆನೋವು ಬಂತು. ಸತೀಶ ಅವರನ್ನು ಕೂರಿಸಿಕೊಂಡು ಮೂಡಿಗೆರೆಗೆ ಹೊರಟ. ದಾರಿಯಲ್ಲಿ ಇನ್ನೊಂದು ಹೊಂಡ, ಇನ್ನೊಂದು ಕಲ್ಲು. ಕೆಂಪು ಲೈಟು ಬಂತು. ಅವನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಬೇರೆ ಗಾಡಿ ತರಲು ಮಳೆಯಲ್ಲಿ ಓಡಿದ. ಗಾಡಿ ತಂದಾಗ ರೈಟರ್ ಸೀಟಿನಲ್ಲಿ ಒರಗಿದ ಹಾಗೆಯೇ ತೀರಿಕೊಂಡಿದ್ದರು. ಅವತ್ತಿನಿಂದ ಸತೀಶ ಸ್ಟಿಯರಿಂಗ್ ಮುಟ್ಟಿಲ್ಲ, ಸರಿಯಾಗಿ ಉಣ್ಣುವುದಿಲ್ಲ.

ಹಸನಬ್ಬ ಇದನ್ನು ನನ್ನ ಮೇಲೆ ಹೊರಿಸಿ ಹೇಳಲಿಲ್ಲ. ಹೊರಿಸುವ ಗುಣವೇ ಅವನದಲ್ಲ. ‘ನಾವು ಹೇಳಿದ್ರೆ ಕೇಳೋದಿಲ್ಲ ಅವ. ಬರ್ದವ್ರೇ ಬಂದು ಹೇಳಿದ್ರೆ ಕೇಳಿಯಾನು,’ ಎಂದ ಅಷ್ಟೆ. ನನಗೆ ಹಾಗೇ ಎದ್ದು ಬಸ್ಸು ಹತ್ತಿಬಿಡೋಣ ಎನ್ನಿಸಿತು. ಹತ್ತಲಿಲ್ಲ. ಹಸನಬ್ಬ ಟ್ಯೂಬನ್ನು ಮೊಳೆಗೆ ತೂಗುಹಾಕಿ, ಸೊಂಟದ ಮೇಲೆ ಕೈಯಿಟ್ಟು ಮುಂದೆ ನಡೆದ. ನಾನು ಹಿಂದೆ ಹೋದೆ.

ಸತೀಶನ ಮನೆ ರಸ್ತೆಗೆ ಹತ್ತಿರವೇ ಇತ್ತು. ಅಂಗಳದಲ್ಲಿ ಕಾರಿಗೆ ಟಾರ್ಪಾಲು ಹೊದೆಸಿತ್ತು. ಅವನು ಜಗಲಿಯ ಮೇಲೆ ಕುಳಿತಿದ್ದ. ಗಡ್ಡ ಬೆಳೆದಿತ್ತು. ಹಸನಬ್ಬ ನನ್ನನ್ನು ತೋರಿಸಿ, ಇವರೇ ಆ ಕಾಗದದ ಮೇಡಂ ಎಂದ. ಸತೀಶನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ಆ ಸಾಲು ಬರೆದವಳು ನಾನು ಎಂದು ಅವನಿಗೆ ಹೇಳಿದೆ. ಅದು ಯಾರಿಗೂ ಬುದ್ಧಿ ಹೇಳಲು ಬರೆದದ್ದಲ್ಲ, ದುಡ್ಡು ಕೊಡದೇ ಇರಲು ಬರೆದದ್ದು ಎಂದೂ ಹೇಳಿದೆ. ಇಷ್ಟು ವರ್ಷದಲ್ಲಿ ನಾನು ಪೂರ್ತಿಯಾಗಿ ಆಡಿದ ನಿಜ ಅದೊಂದೇ ಇರಬೇಕು. ಅವನು ತಲೆ ಎತ್ತಿ ನನ್ನನ್ನು ನೋಡಿದ.

‘ಹಾಗಾದ್ರೆ ನಾನು ನಿಲ್ಲಿಸ್ಬಾರ್ದಿತ್ತಾ ಮೇಡಂ?’

ನಿಲ್ಲಿಸಬಾರದಿತ್ತು ಎಂದರೆ ಆ ರೈಟರ್ ಸತ್ತದ್ದು ಇವನಿಂದ. ನಿಲ್ಲಿಸಿದ್ದು ಸರಿ ಎಂದರೆ ನಾನು ಬರೆದದ್ದು ಸರಿ, ದೇವಕಿಯನ್ನು ಬದುಕಿಸಿದ ಹಸನಬ್ಬನದೇ ತಪ್ಪು. ಹಸನಬ್ಬ ನನ್ನ ಪಕ್ಕದಲ್ಲೇ ನಿಂತಿದ್ದ. ಬಾಗಿಲಲ್ಲಿ ನಿಂತ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಸತೀಶನ ಹತ್ತಿರ ಕುಳಿತು ಅವನ ಕೈ ಹಿಡಿದುಕೊಂಡೆ. ‘ನಿಂದೇನೂ ತಪ್ಪಿಲ್ಲ ಮಾರಾಯ,’ ಎಂದೆ.

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

‘ನಾನು ಕೇಳಿದ್ದು ಅದಲ್ಲ ಮೇಡಂ,’ ಎಂದ.